ಡಬ್ಬಿ ಸಾಲ್ಮನ್ ಪ್ಯಾಟಿ ಮಗುಚುವಾಗ ಒಡೆದು ಹೋಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹೊಸಬಾಣಲೆ
ಎಲ್ಲರಿಗೂ ನಮಸ್ಕಾರ. ಮೂರು ಸಲ ಮಾಡಿ ಮೂರು ಸಲವೂ ಸೋತಿದ್ದೇನೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪನಿಗೆ ಹಲ್ಲು ಸರಿ ಇಲ್ಲ. ಮೆತ್ತಗಿರಬೇಕು, ಆದರೆ ಮೀನಿನ ರುಚಿ ಗೊತ್ತಾಗಬೇಕು, ಅಂಥದ್ದೇನಾದರೂ ಮಾಡು ಅಂದರು. ಡಬ್ಬಿ ಸಾಲ್ಮನ್‌ನಲ್ಲಿ ಪ್ಯಾಟಿ ಮಾಡೋಣ ಅಂದುಕೊಂಡೆ. ತಂದದ್ದು 418 ಗ್ರಾಂ ಡಬ್ಬಿ, ಪಿಂಕ್ ಸಾಲ್ಮನ್, ಮುಳ್ಳು ಚರ್ಮ ಎಲ್ಲ ಇರುವಂಥದ್ದು.

ಮೊದಲ ಸಲ ಒಂದು ಮೊಟ್ಟೆ, ಒಂದು ಹಿಡಿ ಬ್ರೆಡ್ ಪುಡಿ, ಹೆಚ್ಚಿದ ಈರುಳ್ಳಿ, ಕಾಳುಮೆಣಸಿನ ಪುಡಿ, ಅರ್ಧ ನಿಂಬೆಹಣ್ಣಿನ ರಸ ಹಾಕಿದೆ. ತಟ್ಟುವಾಗ ಚೆನ್ನಾಗಿಯೇ ಇತ್ತು. ಮಗುಚಿದ ತಕ್ಷಣ ಎರಡು ಹೋಳಾಯಿತು, ಆಮೇಲೆ ನಾಲ್ಕು, ಕೊನೆಗೆ ಬಾಣಲೆ ತುಂಬ ಪುಡಿ. ಎರಡನೇ ಸಲ ಎರಡು ಮೊಟ್ಟೆ ಹಾಕಿದೆ, ಹಿಟ್ಟು ಇನ್ನೂ ತೆಳ್ಳಗಾಯಿತು. ಮೂರನೇ ಸಲ ಒಂದೂವರೆ ಕಪ್ ಬ್ರೆಡ್ ಪುಡಿ ಸುರಿದೆ. ಒಡೆಯಲಿಲ್ಲ ನಿಜ, ಆದರೆ ಅಪ್ಪ ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟರು. ಒಣ ಬ್ರೆಡ್ ತಿಂದ ಹಾಗಿತ್ತು.

ಅಂಟಿಗೆ ಏನು ಹಾಕಬೇಕು, ಎಷ್ಟು? ಮತ್ತೆ ಮುಳ್ಳು ತೆಗೆಯಬೇಕಾ? ಅದನ್ನು ಆರಿಸುವುದಕ್ಕೇ ಪ್ರತಿ ಸಲ ಅರ್ಧ ಗಂಟೆ ಹೋಗುತ್ತಿದೆ.

ಉಪ್ಪುಹುಳಿ
ಮೀನು ಹಿಂಡಿದ್ದಿರಾ?

ಹೊಸಬಾಣಲೆ
ಡಬ್ಬಿಯ ನೀರು ಬಸಿದೆ. ಹಿಂಡಲಿಲ್ಲ.

ಉಪ್ಪುಹುಳಿ
ಅಲ್ಲೇ ಇದೆ ನೋಡಿ. ಬಸಿಯುವುದು ಬೇರೆ, ಹಿಂಡುವುದು ಬೇರೆ. ಮುಚ್ಚಳ ಒತ್ತಿ ನೀರು ಬಗ್ಗಿಸಿದರೆ ಮೇಲಿನದ್ದು ಮಾತ್ರ ಹೋಗುತ್ತದೆ, ಮೀನಿನ ಪದರಗಳ ಮಧ್ಯೆ ಇರುವುದು ಹಾಗೇ ಉಳಿಯುತ್ತದೆ. ಜರಡಿಗೆ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಚಮಚದ ಬೆನ್ನಿನಿಂದ ಒತ್ತಿ. ಇನ್ನೂ ಎರಡು ಮೂರು ಚಮಚ ರಸ ಇಳಿಯುವುದನ್ನು ನೀವೇ ನೋಡುತ್ತೀರಿ. ಅಷ್ಟು ನೀರು ಇಟ್ಟುಕೊಂಡು ಎಷ್ಟು ಮೊಟ್ಟೆ ಹಾಕಿದರೂ ಪ್ರಯೋಜನ ಇಲ್ಲ.

ಅಳತೆ_ಚಮಚ
ನೀರು ಒಂದು ಕಾರಣ, ಒಪ್ಪುತ್ತೇನೆ. ಆದರೆ "ಒಂದು ಹಿಡಿ" ಅಂದರೆ ಎಷ್ಟು? ನಿಮ್ಮ ಹಿಡಿ ನನ್ನ ಹಿಡಿ ಒಂದೇ ಅಲ್ಲ. 418 ಗ್ರಾಂ ಡಬ್ಬಿ ಹಿಂಡಿದ ಮೇಲೆ ನನಗೆ ಸುಮಾರು 320 ಗ್ರಾಂ ಮೀನು ಸಿಗುತ್ತದೆ. ಅದಕ್ಕೆ ಒಂದು ಮೊಟ್ಟೆ, 50 ಗ್ರಾಂ ಒಣ ಬ್ರೆಡ್ ಪುಡಿ, ಅಂದರೆ ಹತ್ತಿರ ಹತ್ತಿರ ಅರ್ಧ ಕಪ್. ಅದಕ್ಕಿಂತ ಕಡಿಮೆ ಹಾಕಿದರೆ ಒಡೆಯುತ್ತದೆ, 80 ದಾಟಿದರೆ ಮೀನು ಕಾಣೆಯಾಗುತ್ತದೆ. ಒಂದೂವರೆ ಕಪ್ ಅಂದರೆ ಮೂರು ಪಟ್ಟು! ಅಪ್ಪನವರು ತಟ್ಟೆ ಪಕ್ಕಕ್ಕಿಟ್ಟದ್ದರಲ್ಲಿ ತಪ್ಪೇನಿಲ್ಲ.

ದಯವಿಟ್ಟು ತೂಗಿ ಹಾಕಿ. ತಕ್ಕಡಿ ಇಲ್ಲದಿದ್ದರೆ ಒಂದೇ ಕಪ್ ಇಟ್ಟುಕೊಂಡು ಅದರಲ್ಲೇ ಅಳೆಯಿರಿ.

ಮೂರು_ಮಕ್ಕಳ_ಅಮ್ಮ
ಬ್ರೆಡ್ ಪುಡಿಯೇ ಬೇಡ. ಬೇಯಿಸಿದ ಆಲೂಗಡ್ಡೆ ಹಾಕಿ. ಹಲ್ಲಿಲ್ಲದವರಿಗೆ ಅದಕ್ಕಿಂತ ಮೆತ್ತಗಿನದು ಇನ್ನೊಂದಿಲ್ಲ. ನನ್ನ ಮಕ್ಕಳು ಚಿಕ್ಕವರಿದ್ದಾಗಿಂದ ಹೀಗೇ ಮಾಡುತ್ತಿದ್ದೇನೆ.

ಅಳತೆ_ಚಮಚ
ಅಕ್ಕ, ಆಲೂಗಡ್ಡೆ ಹಾಕಿದರೆ ಅದು ಆಲೂಗಡ್ಡೆ ಕಟ್ಲೆಟ್ ಆಗುತ್ತದೆ, ಸಾಲ್ಮನ್ ಪ್ಯಾಟಿ ಅಲ್ಲ. ಅವರು ಕೇಳಿದ್ದೇ ಮೀನಿನ ರುಚಿ ಬೇಕು ಅಂತ.

ಮೂರು_ಮಕ್ಕಳ_ಅಮ್ಮ
ಒಂದು ಡಬ್ಬಿಗೆ ಒಂದೇ ಒಂದು ಮಧ್ಯಮ ಗಾತ್ರದ ಆಲೂಗಡ್ಡೆ, ಹೆಚ್ಚೆಂದರೆ 150 ಗ್ರಾಂ. ಮೀನು ಅದರ ಎರಡರಷ್ಟು ಇರುತ್ತದೆ. ರುಚಿ ಎಲ್ಲಿಗೆ ಹೋಗುತ್ತದೆ? ಆದರೆ ಮಾಡುವ ರೀತಿ ಮುಖ್ಯ. ಬೆಂದ ಮೇಲೆ ನೀರು ಪೂರ್ತಿ ಬಸಿದು ಅದೇ ಬಿಸಿ ಪಾತ್ರೆಯಲ್ಲಿ ಎರಡು ನಿಮಿಷ ಬಿಡಿ, ಹಬೆ ಹೋಗಲಿ. ಕೈಯಲ್ಲಿ ಮಸೆಯಿರಿ. ಮಿಕ್ಸಿಗೆ ಹಾಕಲೇಬೇಡಿ, ಗೋಂದಿನ ಹಾಗೆ ಎಳೆಎಳೆ ಬರುತ್ತದೆ. ತಣ್ಣಗಾದ ಮೇಲೆ ಮೀನಿನ ಜೊತೆ ಕಲಸಿ. ಬಿಸಿ ಇರುವಾಗ ಮೊಟ್ಟೆ ಒಡೆದು ಹಾಕಿದರೆ ಮೊಟ್ಟೆ ಅಲ್ಲೇ ಬೇಯಲು ಶುರುವಾಗುತ್ತದೆ.

ಕಾವಲಿ_ಕಾದಿದೆ
ಎರಡೂ ಮಾಡಿ ನೋಡಿದ್ದೇನೆ. ಆಲೂಗಡ್ಡೆಯದ್ದು ಒಳಗೆ ಬೆಣ್ಣೆಯ ಹಾಗಿರುತ್ತದೆ, ಆದರೆ ಹೊರಗೆ ಗರಿಗರಿ ಬರುವುದು ಕಷ್ಟ. ಬ್ರೆಡ್ ಪುಡಿಯದ್ದು ಹೊರಗೆ ಚೆನ್ನ. ಅಪ್ಪನವರಿಗಾದರೆ ಆಲೂಗಡ್ಡೆಗೇ ನನ್ನ ವೋಟು.

ಹಳೇ_ಅಡುಗೆಯವ
ಹೋಟೆಲ್ ಅಡುಗೆಮನೆಯಲ್ಲಿ 22 ವರ್ಷ ಕೆಲಸ ಮಾಡಿದವನು ನಾನು. ಎಲ್ಲರೂ ಅಂಟಿನ ಬಗ್ಗೆಯೇ ಹೇಳುತ್ತಿದ್ದೀರಿ. ಮೊಟ್ಟೆ ಅಂಟಾಗುವುದು ಬೆಂದ ಮೇಲೆ. ಬಿಳಿ ಭಾಗ ಗಟ್ಟಿಯಾಗಲು ಶುರುವಾಗುವುದೇ 60 ಡಿಗ್ರಿ ದಾಟಿದ ಮೇಲೆ, ಹಳದಿ ಇನ್ನೂ ತಡ. ಅಲ್ಲಿಯವರೆಗೆ ನಿಮ್ಮ ಪ್ಯಾಟಿಯನ್ನು ಹಿಡಿದಿಡುವುದು ಏನೂ ಇಲ್ಲ. ಹಸಿ ಮೊಟ್ಟೆ ಬರೀ ಲೋಳೆ. ನೀವು ಎರಡನೇ ಸಲ ಎರಡು ಮೊಟ್ಟೆ ಹಾಕಿದಾಗ ಲೋಳೆ ಎರಡರಷ್ಟಾಯಿತು, ಅಷ್ಟೇ.

ಹಾಗಾಗಿ ಎರಡು ಕೆಲಸ ಮಾಡಿ. ಒಂದು, ತಟ್ಟಿದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬ್ರೆಡ್ ಪುಡಿಗೆ ನೀರು ಹೀರಿಕೊಳ್ಳಲು ಸಮಯ ಬೇಕು. ಕಲಸಿದ ತಕ್ಷಣ ಹಿಟ್ಟು ಸಡಿಲ ಅನ್ನಿಸುತ್ತದೆ, ಹತ್ತು ನಿಮಿಷ ಬಿಟ್ಟರೆ ಅದೇ ಹಿಟ್ಟು ಗಟ್ಟಿಯಾಗುತ್ತದೆ. ಜನ ಕಾಯುವುದಿಲ್ಲ, ಸಡಿಲ ಇದೆ ಅಂತ ಇನ್ನಷ್ಟು ಪುಡಿ ಸುರಿಯುತ್ತಾರೆ. ಮೂರನೇ ಸಲ ನಿಮಗೆ ಆದದ್ದು ಅದೇ ಅಂತ ನನ್ನ ಊಹೆ.

ಇನ್ನೊಂದು, ಬಾಣಲೆಗೆ ಹಾಕಿದ ಮೇಲೆ ಮುಟ್ಟಬೇಡಿ. ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ. ಸರಿಸಬೇಡಿ, ಒತ್ತಬೇಡಿ, ಅಂಚು ಎತ್ತಿ ಇಣುಕಬೇಡಿ. ತಳದಲ್ಲಿ ಕಂದು ಪದರ ಕಟ್ಟಿದ ಮೇಲೆ ಅದು ತಾನಾಗಿಯೇ ಬಾಣಲೆ ಬಿಡುತ್ತದೆ. ಬಿಡುತ್ತಿಲ್ಲ ಅಂದರೆ ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ. ಒಂದೇ ಸಲ ಮಗುಚಿ.

ಹೊಸಬಾಣಲೆ
ಅಣ್ಣಾ, ನಿಮ್ಮ ಊಹೆ ನಿಜ. ಸಡಿಲ ಇದೆ ಅಂತ ಮೂರು ಸಲ ಪುಡಿ ಸೇರಿಸಿದೆ. ಕಾದು ನೋಡಬಹುದು ಅಂತ ಹೊಳೆಯಲೇ ಇಲ್ಲ. ಮತ್ತೆ ಅಂಚು ಎತ್ತಿ ನೋಡುವುದಂತೂ ಪ್ರತಿ ನಿಮಿಷ ಮಾಡಿದ್ದೇನೆ.

ರಾತ್ರಿಪಾಳಿ
ಮುಳ್ಳಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನಂತೂ ಎಲ್ಲ ತೆಗೆಯುತ್ತೇನೆ. ವಯಸ್ಸಾದವರು ತಿನ್ನುವುದು, ಗಂಟಲಿಗೆ ಸಿಕ್ಕಿದರೆ ಏನು ಗತಿ?

ಮೀನುಪ್ರಿಯ
ಸಿಕ್ಕುವುದಿಲ್ಲ. ದಯವಿಟ್ಟು ತೆಗೆಯಬೇಡಿ! ಒಂದು ಮುಳ್ಳು ತೆಗೆದು ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿ ನೋಡಿ, ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಬೆನ್ನೆಲುಬಿನ ದಪ್ಪ ತುಂಡೂ ಅಷ್ಟೇ.

ಕಾರಣ ಹೇಳುತ್ತೇನೆ. ಈ ಬಗೆಯ ಡಬ್ಬಿಗೆ ಸಾಲ್ಮನ್ ಅನ್ನು ಬೇಯಿಸಿ ತುಂಬುವುದಿಲ್ಲ. ಹಸಿ ಮೀನನ್ನು ಮುಳ್ಳು ಚರ್ಮದ ಸಮೇತ ಕತ್ತರಿಸಿ, ಚೂರು ಉಪ್ಪು ಹಾಕಿ, ಡಬ್ಬಿ ಮುಚ್ಚಿಬಿಡುತ್ತಾರೆ. ಆಮೇಲೆ ದೊಡ್ಡ ಪ್ರೆಶರ್ ಕುಕ್ಕರ್ ಥರದ ಯಂತ್ರದಲ್ಲಿ ಸುಮಾರು 120 ಡಿಗ್ರಿ ಶಾಖದಲ್ಲಿ ಗಂಟೆಗಿಂತ ಜಾಸ್ತಿ ಹೊತ್ತು ಬೇಯಿಸುತ್ತಾರೆ. ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣ ಸಾಯಬೇಕು ಅಂದರೆ ಅಷ್ಟು ಶಾಖ ಬೇಕು. ಅದೇ ಶಾಖಕ್ಕೆ ಮುಳ್ಳೂ ಮೆತ್ತಗಾಗುತ್ತದೆ. ಅಂದರೆ ಮೀನು ಬೇಯುವುದು ಡಬ್ಬಿಯ ಒಳಗೇ. ಒಳಗಿರುವ ನೀರೂ ಮೀನು ಬಿಟ್ಟ ರಸವೇ, ಹೊರಗಿನಿಂದ ಹಾಕಿದ್ದಲ್ಲ.

ಆ ಮುಳ್ಳಿನಲ್ಲಿ ಸುಣ್ಣದ ಅಂಶ ತುಂಬ ಇದೆ. ಮುಳ್ಳು ಸಮೇತ 85 ಗ್ರಾಂ ಡಬ್ಬಿ ಸಾಲ್ಮನ್ ತಿಂದರೆ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಹತ್ತಿರ ಹತ್ತಿರ 1,000. ಮುಳ್ಳು ತೆಗೆದರೆ ಇದು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ವಯಸ್ಸಾದವರ ಊಟದಿಂದ ಅದನ್ನು ಆರಿಸಿ ಎಸೆಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರಾತ್ರಿಪಾಳಿ
ಮೆತ್ತಗಿದೆ ಅಂತ ಗೊತ್ತು. ಆದರೂ ಬಾಯಿಗೆ ಕರಕರ ಅಂತ ಸಿಕ್ಕರೆ ತಿನ್ನುವವರಿಗೆ ಭಯವಾಗುತ್ತದೆ. ನಮ್ಮ ಅತ್ತೆ ಒಂದು ಸಲ ಹಾಗೆ ಸಿಕ್ಕಿದ್ದಕ್ಕೆ ಮತ್ತೆ ಈ ಪ್ಯಾಟಿ ಮುಟ್ಟಲಿಲ್ಲ. ಪೋಷಕಾಂಶ ಎಷ್ಟಿದ್ದರೇನು, ತಿನ್ನಬೇಕಲ್ವಾ?

ಮೀನುಪ್ರಿಯ
ಅದು ನ್ಯಾಯವಾದ ಮಾತು. ಹಾಗಿದ್ದರೆ ಹೀಗೆ ಮಾಡಿ. ಎಲ್ಲ ಮೀನಿನ ಜೊತೆ ಮುಳ್ಳು ಹುಡುಕಬೇಡಿ. ಡಬ್ಬಿಯಿಂದ ತೆಗೆದ ತಕ್ಷಣ ತುಂಡನ್ನು ಎರಡು ಹೋಳಾಗಿ ಬಿಡಿಸಿದರೆ ಬೆನ್ನೆಲುಬು ಸಾಲಾಗಿ ಕಾಣುತ್ತದೆ. ಅದನ್ನು ಮಾತ್ರ ಬೇರೆ ಬಟ್ಟಲಿಗೆ ಹಾಕಿ ಮುಳ್ಳುಚಮಚದಿಂದ ನುಣ್ಣಗೆ ಅರೆಯಿರಿ, ಹಿಟ್ಟಿನ ಹಾಗಾಗುತ್ತದೆ. ಅರೆದದ್ದನ್ನು ವಾಪಸ್ ಕಲಸಿ. ಎರಡು ನಿಮಿಷದ ಕೆಲಸ. ಪಕ್ಕೆಯ ಸಣ್ಣ ಮುಳ್ಳು ಗೊತ್ತೇ ಆಗುವುದಿಲ್ಲ.

ರಾತ್ರಿಪಾಳಿ
ಇದು ಮಾಡಬಹುದು. ಬೇರೆ ಬಟ್ಟಲಲ್ಲಿ ಅರೆಯುವುದು ನನಗೆ ಹೊಳೆದಿರಲಿಲ್ಲ.

ನಿಂಬೆಹುಳಿ
ಚರ್ಮ?

ಮೀನುಪ್ರಿಯ
ಇಷ್ಟವಾದರೆ ಇರಲಿ, ಇಲ್ಲದಿದ್ದರೆ ಕೆರೆದು ತೆಗೆಯಿರಿ. ಅದರಲ್ಲಿ ಕೊಬ್ಬಿದೆ, ರುಚಿಯಿದೆ. ಬೂದು ಬಣ್ಣ ನೋಡಿ ಮಕ್ಕಳು ಮುಖ ತಿರುಗಿಸುತ್ತಾರೆ, ಅಷ್ಟೇ.

ಸುಮ್ನೆ_ಓದುವವಳು
ಇಲ್ಲಿ ಯಾವತ್ತೂ ಬರೆದವಳಲ್ಲ, ಈಗ ಬರೆಯಲೇಬೇಕಾಯಿತು. ಎರಡು ವರ್ಷದ ಹಿಂದೆ ಡಬ್ಬಿ ತೆಗೆದು ಮೀನು ಬಿಡಿಸುತ್ತಿದ್ದಾಗ ಗಾಜಿನ ಚೂರು ಸಿಕ್ಕಿತು. ಪಾರದರ್ಶಕ, ಚೂಪು, ಅಕ್ಕಿಕಾಳಿನಷ್ಟು ದೊಡ್ಡದು. ಕೈ ನಡುಗಿತು. ಮಗಳು ಆಗಲೇ ಅದೇ ಡಬ್ಬಿಯ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದಳು. ಪೂರ್ತಿ ಡಬ್ಬಿ ಕಸಕ್ಕೆ ಹಾಕಿದೆ. ಅವತ್ತಿಂದ ಡಬ್ಬಿ ಮೀನು ತಂದಿಲ್ಲ. ಈ ಚರ್ಚೆ ಓದಿ ಮತ್ತೆ ಆಸೆಯಾಗುತ್ತಿದೆ, ಆದರೆ ಆ ಗಾಜು ನೆನಪಾಗುತ್ತದೆ.

ಲ್ಯಾಬ್_ಕೋಟು
ನಿಮಗೆ ಸಿಕ್ಕಿದ್ದು ಗಾಜು ಆಗಿರದೇ ಇರಬಹುದು. ಡಬ್ಬಿ ಮೀನಿನಲ್ಲಿ ಸ್ಟ್ರುವೈಟ್ ಅನ್ನುವ ಹರಳು ಕಟ್ಟುತ್ತದೆ. ಮೀನಿನಲ್ಲೇ ಇರುವ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಡಬ್ಬಿ ತಣ್ಣಗಾಗುವಾಗ ಹರಳಾಗುತ್ತವೆ. ನೋಡಲು ಥೇಟ್ ಗಾಜು. ತಿಂದರೆ ಅಪಾಯವಿಲ್ಲ, ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ.

ಪರೀಕ್ಷೆ ಸುಲಭ. ಸ್ವಲ್ಪ ವಿನೆಗರ್ ಅಥವಾ ನಿಂಬೆ ರಸ ಬಿಸಿ ಮಾಡಿ ಆ ಹರಳು ಹಾಕಿ. ಸ್ಟ್ರುವೈಟ್ ಆದರೆ ಕೆಲವು ನಿಮಿಷದಲ್ಲಿ ಸವೆಯುತ್ತಾ ಕರಗುತ್ತದೆ. ಗಾಜಾದರೆ ಹಾಗೇ ಕೂತಿರುತ್ತದೆ. ಉಗುರಿನಿಂದ ಒತ್ತಿದರೂ ಸ್ಟ್ರುವೈಟ್ ಪುಡಿಯಾಗುತ್ತದೆ, ಆದರೆ ಗಾಜೇ ಆಗಿದ್ದರೆ ಕೈ ಕೊಯ್ಯುತ್ತದೆ, ಹಾಗಾಗಿ ವಿನೆಗರ್ ಪರೀಕ್ಷೆಯೇ ಒಳ್ಳೆಯದು. ಕರಗಲಿಲ್ಲ ಅಂದರೆ ಆ ಡಬ್ಬಿ ತಿನ್ನಬೇಡಿ, ತಯಾರಿಸಿದವರಿಗೆ ತಿಳಿಸಿ.

ಸುಮ್ನೆ_ಓದುವವಳು
ಎರಡು ವರ್ಷ ಸುಮ್ನೆ ಹೆದರಿಕೊಂಡೇ ಇದ್ದೆನಾ! ಅವತ್ತು ಗೊತ್ತಿದ್ದರೆ ಪರೀಕ್ಷೆ ಮಾಡಿ ನೋಡುತ್ತಿದ್ದೆ. ತುಂಬ ಧನ್ಯವಾದ ಸರ್.

ಲ್ಯಾಬ್_ಕೋಟು
ಮೇಡಂ ಅನ್ನಿ 🙂 ಮತ್ತೆ ಹೆದರಿದ್ದು ತಪ್ಪಲ್ಲ. ಗೊತ್ತಿಲ್ಲದ ಚೂಪು ವಸ್ತು ಊಟದಲ್ಲಿ ಸಿಕ್ಕರೆ ಎಸೆಯುವುದೇ ಸರಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹರಳಿಗೆ ಹೆದರಬೇಡಿ, ಉಬ್ಬಿದ ಡಬ್ಬಿಗೆ ಹೆದರಿ. ಮುಚ್ಚಳ ಉಬ್ಬಿದ್ದರೆ, ಸೋರುತ್ತಿದ್ದರೆ, ತೆಗೆದಾಗ ರಸ ಚಿಮ್ಮಿದರೆ ರುಚಿ ಕೂಡ ನೋಡಬೇಡಿ, ಎಸೆಯಿರಿ. ಮುಚ್ಚಳ ಸೇರುವ ಅಂಚಿನಲ್ಲಿ ಜೋರಾಗಿ ನಜ್ಜುಗುಜ್ಜಾದ ಡಬ್ಬಿಯನ್ನೂ ಕೊಳ್ಳಬೇಡಿ.

ಉಪ್ಪುಹುಳಿ
ಇನ್ನೊಂದು ಬಿಳಿ ವಸ್ತು ಇರುತ್ತದೆ, ಮೊಸರಿನ ಹಾಗೆ ಮೇಲೆ ಅಂಟಿಕೊಂಡಿರುತ್ತದೆ. ಅದು ಕೆಟ್ಟಿರುವುದಾ?

ಮೀನುಪ್ರಿಯ
ಅಲ್ಲ. ಬೇಯುವಾಗ ಮೀನಿನಿಂದ ಹೊರಗೆ ಬಂದ ಪ್ರೋಟೀನ್ ಅದು. ತಿನ್ನಬಹುದು.

ಕಾವಲಿ_ಕಾದಿದೆ
ಪಿಂಕ್ ಬಿಟ್ಟು ರೆಡ್ ಸಾಲ್ಮನ್ ತಗೊಂಡರೆ ಒಡೆಯುವುದು ಕಡಿಮೆಯಾ? ರೆಡ್ ಬೆಲೆ ಜಾಸ್ತಿ ಇರುತ್ತದೆ.

ಮೀನುಪ್ರಿಯ
ರೆಡ್ ಅಂದರೆ ಸಾಕ್‌ಐ ಜಾತಿ. ಗಟ್ಟಿ ಮಾಂಸ, ಎಣ್ಣೆ ಜಾಸ್ತಿ, ರುಚಿಯೂ ಗಾಢ. ಅದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತದೆ, ಅವುಗಳಲ್ಲಿರುವ ಅಸ್ಟಾಕ್ಸಾಂಥಿನ್ ಅನ್ನುವ ಬಣ್ಣವೇ ಮಾಂಸಕ್ಕೆ ಇಳಿಯುತ್ತದೆ. ಪಿಂಕ್ ಎರಡೇ ವರ್ಷ ಬದುಕುವ ಮೀನು, ಪೆಸಿಫಿಕ್ ಸಾಲ್ಮನ್‌ಗಳಲ್ಲಿ ಸಂಖ್ಯೆಯಲ್ಲಿ ಅದೇ ಜಾಸ್ತಿ, ಅದಕ್ಕೇ ಅಗ್ಗ. ಮಾಂಸ ಮೆತ್ತಗೆ.

ಪ್ಯಾಟಿಗೆ ಪಿಂಕ್ ಸಾಕು. ಹೇಗೂ ಪುಡಿ ಮಾಡುತ್ತೀರಿ. ರೆಡ್ ತಂದರೆ ಹಾಗೇ ಬಿಡಿಸಿ ಸಲಾಡ್ ಮಾಡಿ ತಿನ್ನಿ.

ಅಳತೆ_ಚಮಚ
ಇದನ್ನು ಒಪ್ಪುವುದಿಲ್ಲ. ರೆಡ್‌ನಲ್ಲಿ ಮಾಡಿದ ಪ್ಯಾಟಿ ಒಂದು ಸಲ ತಿಂದರೆ ಪಿಂಕ್ ಸಪ್ಪೆ ಅನ್ನಿಸುತ್ತದೆ. ಹಬ್ಬಕ್ಕೆ, ಅತಿಥಿಗಳಿಗೆ ನಾನು ರೆಡ್ಡೇ ತರುವುದು.

ಓದುಗಳ್ಳ
ಡಬ್ಬಿಯ ಮಾತು ಬಂತಲ್ಲ, ಇದೊಂದು ಹೇಳಬೇಕು. ಪೆಸಿಫಿಕ್ ಕರಾವಳಿಯಲ್ಲಿ ಸಾಲ್ಮನ್ ಅನ್ನು ಮೊದಲು ಡಬ್ಬಿಗೆ ತುಂಬಿದ್ದು 1864ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಮೇಲೆ. ನದಿಯಲ್ಲಿ ತೇಲುವ ದೋಣಿಮನೆಯೇ ಅವರ ಕಾರ್ಖಾನೆ. ಎರಡು ವರ್ಷಕ್ಕೆ ಅವರು ಉತ್ತರದ ಕೊಲಂಬಿಯಾ ನದಿಗೆ ಹೋದರು. ಆಮೇಲೆ ಈ ಉದ್ಯಮ ಅಲಾಸ್ಕಾದವರೆಗೂ ಹಬ್ಬಿತು. ನಾವು ಇವತ್ತು ಮುಳ್ಳು ಚರ್ಮ ಸಮೇತ ತರುವ ಡಬ್ಬಿ ಆ ಹಳೇ ಕ್ರಮದ್ದೇ. ಅಡುಗೆಮನೆಯ ಕಪಾಟಿನಲ್ಲಿ ಇಷ್ಟು ಹಳೇ ವಸ್ತು ಕೂತಿದೆ ಅಂತ ಗೊತ್ತಾದಾಗ ನನಗೆ ತುಂಬ ಖುಷಿಯಾಗಿತ್ತು.

ರಾತ್ರಿಪಾಳಿ
ಚೆನ್ನಾಗಿದೆ. ಈಗ ಬಾಣಲೆಗೆ ವಾಪಸ್ ಬರೋಣ. ಎಣ್ಣೆ ಎಷ್ಟು? ಬೆಣ್ಣೆಯಲ್ಲಿ ಮಾಡಬಹುದಾ?

ಕಾವಲಿ_ಕಾದಿದೆ
ಬೆಣ್ಣೆ ಒಂದೇ ಹಾಕಿದರೆ ಸೀಯುತ್ತದೆ. ಸ್ವಲ್ಪ ಎಣ್ಣೆ ಸೇರಿಸಿ, ಆಗ ಬೆಣ್ಣೆ ಸೀಯುವುದಿಲ್ಲ.

ಹಳೇ_ಅಡುಗೆಯವ
ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಸರಿಯಲ್ಲ. ಬೆಣ್ಣೆಯಲ್ಲಿ ಸೀಯುವುದು ಅದರಲ್ಲಿರುವ ಹಾಲಿನ ಅಂಶ. ಎಣ್ಣೆ ಸೇರಿಸಿದರೂ ಆ ಹಾಲಿನ ಅಂಶ ಅಲ್ಲೇ ಇರುತ್ತದೆ, ಅದೇ ಶಾಖಕ್ಕೆ ಸೀಯುತ್ತದೆ. ಎಣ್ಣೆಯಲ್ಲಿ ಹುರಿಯಿರಿ. ಬೆಣ್ಣೆಯ ಪರಿಮಳ ಬೇಕಿದ್ದರೆ ಮಗುಚಿದ ಮೇಲೆ, ಕೊನೆಯ ಒಂದು ನಿಮಿಷ ಇದೆ ಅನ್ನುವಾಗ ಒಂದು ಸಣ್ಣ ತುಂಡು ಹಾಕಿ ಬಾಣಲೆ ವಾಲಿಸಿ ಮೇಲೆ ಸುರಿಯಿರಿ.

ಎಣ್ಣೆ ಬಾಣಲೆಯ ತಳ ಪೂರ್ತಿ ಮುಚ್ಚಬೇಕು. ಎರಡು ಮೂರು ದೊಡ್ಡ ಚಮಚ. ಚಿಟಿಕೆ ಬ್ರೆಡ್ ಪುಡಿ ಹಾಕಿದರೆ ತಕ್ಷಣ ಚುರ್ ಅನ್ನಬೇಕು. ಹೊಗೆ ಬಂದರೆ ಜಾಸ್ತಿ ಕಾದಿದೆ, ಇಳಿಸಿ. ಒಂದೇ ಸಲ ಎಂಟೂ ತುರುಕಬೇಡಿ. ಮೂರು ಅಥವಾ ನಾಲ್ಕು ಸಾಕು, ಮಧ್ಯೆ ಮಗುಚುವ ಕೈ ಆಡಲು ಜಾಗ ಇರಲಿ. ಎಲ್ಲ ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ, ಹುರಿಯುವ ಬದಲು ತನ್ನದೇ ಹಬೆಯಲ್ಲಿ ಬೇಯುತ್ತದೆ.

ನಿಂಬೆಹುಳಿ
ನಾನ್‌ಸ್ಟಿಕ್ ಇಲ್ಲ, ಸ್ಟೀಲ್ ಬಾಣಲೆ ಇದೆ. ಆಗುತ್ತದಾ?

ಹಳೇ_ಅಡುಗೆಯವ
ಆಗುತ್ತದೆ. ಖಾಲಿ ಬಾಣಲೆ ಚೆನ್ನಾಗಿ ಕಾಯಿಸಿ, ಆಮೇಲೆ ಎಣ್ಣೆ. ಎಣ್ಣೆ ಕಾದ ಮೇಲೆ ಪ್ಯಾಟಿ. ತಾಳ್ಮೆ ಜಾಸ್ತಿ ಬೇಕು ಅಷ್ಟೇ. ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು.

ಉಪ್ಪುಹುಳಿ
ಈರುಳ್ಳಿ ಬಗ್ಗೆ ಯಾರೂ ಹೇಳಲಿಲ್ಲ. ಹಸಿ ಈರುಳ್ಳಿ ಉಪ್ಪಿನ ಜೊತೆ ಸೇರಿದರೆ ನೀರು ಬಿಡುತ್ತದೆ. ಹಿಂಡಿದ ಮೀನಿಗೆ ಮತ್ತೆ ನೀರು ಕೊಟ್ಟ ಹಾಗೆ. ಮೊದಲು ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಆರಿಸಿ ಹಾಕಿ. ಅಪ್ಪನವರಿಗೆ ಹಲ್ಲಿಗೂ ಸಿಕ್ಕುವುದಿಲ್ಲ. ಅರ್ಧ ನಿಂಬೆಹಣ್ಣಿನ ರಸವೂ ಜಾಸ್ತಿಯೇ. ನಿಂಬೆಯ ಸಿಪ್ಪೆ ತುರಿದು ಹಾಕಿ, ರಸ ತಿನ್ನುವಾಗ ಹಿಂಡಿಕೊಳ್ಳಿ.

ಉಪ್ಪು ಸೇರಿಸುವ ಮುಂಚೆ ಮೀನಿನ ಚೂರು ಬಾಯಿಗೆ ಹಾಕಿ ನೋಡಿ. ಡಬ್ಬಿಯಲ್ಲೇ ಉಪ್ಪಿರುತ್ತದೆ. ನಾನು ಬೇರೆ ಹಾಕುವುದೇ ಇಲ್ಲ. ಬಿಪಿ ಇರುವವರಿಗೆ ಉಪ್ಪು ಸೇರಿಸದ ಡಬ್ಬಿಯೂ ಬರುತ್ತದೆ.

ನಿಂಬೆಹುಳಿ
ಮೆತ್ತಗಾಗಲಿ ಅಂತ ಚಿಟಿಕೆ ಅಡುಗೆ ಸೋಡಾ ಹಾಕಬಹುದಾ? ಒಬ್ಬರು ಹೇಳಿದರು.

ಲ್ಯಾಬ್_ಕೋಟು
ಬೇಡ. ಮೀನಿನ ವಾಸನೆಗೆ ಕಾರಣ ಅಮೀನ್ ಅನ್ನುವ ವಸ್ತುಗಳು. ಹುಳಿ ಸೇರಿದರೆ ಅವು ಉಪ್ಪಿನ ರೂಪಕ್ಕೆ ತಿರುಗಿ ಗಾಳಿಗೆ ಏಳುವುದಿಲ್ಲ, ವಾಸನೆ ತಗ್ಗುತ್ತದೆ. ಮೀನಿಗೆ ನಿಂಬೆ ಹಿಂಡುವುದು ಅದಕ್ಕೇ. ಸೋಡಾ ಹುಳಿಗೆ ತದ್ವಿರುದ್ಧ. ಹಾಕಿದರೆ ಮನೆ ತುಂಬ ವಾಸನೆ ಏಳುತ್ತದೆ.

ಮೂರು_ಮಕ್ಕಳ_ಅಮ್ಮ
ಹಿಂಡಿದ ರಸ ಚೆಲ್ಲಬೇಡಿ ಅಂತ ಹೇಳುವುದು ಮರೆತೆ. ಅದು ಮೀನಿನದೇ ರಸ ಅಂತ ಮೇಲೆ ಹೇಳಿದ್ದಾರಲ್ಲ. ಸೂಪಿಗೆ ಹಾಕುತ್ತೇನೆ. ಹಿಟ್ಟು ತೀರಾ ಒಣಗಿದ್ದರೆ ಅದರಲ್ಲೇ ಒಂದು ಚಮಚ ವಾಪಸ್ ಹಾಕಿ ಹದ ಮಾಡುತ್ತೇನೆ, ನೀರು ಹಾಕುವುದಿಲ್ಲ.

ಅಳತೆ_ಚಮಚ
ಇದು ಒಳ್ಳೆಯ ಮಾತು ಅಕ್ಕ. ಹಿಂಡುವುದು, ಬೇಕಾದಷ್ಟು ವಾಪಸ್ ಕೊಡುವುದು. ಆಗ ಹದ ನಮ್ಮ ಕೈಯಲ್ಲಿರುತ್ತದೆ.

ಹೊಸಬಾಣಲೆ
ಇವತ್ತು ಮಾಡಿದೆ! ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು ಒತ್ತಿದೆ. ಬಸಿದ ಮೇಲೂ ಮೂರು ದೊಡ್ಡ ಚಮಚ ರಸ ಬಂತು. ಅಷ್ಟೂ ನೀರನ್ನು ಮೂರು ಸಲವೂ ಒಳಗೇ ಇಟ್ಟು ಹುರಿದಿದ್ದೆ ಅಂತ ಆಗ ಅರ್ಥವಾಯಿತು. ಬೆನ್ನೆಲುಬು ಬೇರೆ ಬಟ್ಟಲಲ್ಲಿ ಅರೆದು ಸೇರಿಸಿದೆ. ಮೀನನ್ನು ತೀರಾ ನುಣ್ಣಗೆ ಮಾಡದೆ ಅಲ್ಲಲ್ಲಿ ಬಟಾಣಿ ಗಾತ್ರದ ಚೂರು ಬಿಟ್ಟೆ. ಒಂದು ಮೊಟ್ಟೆ, ಬಾಡಿಸಿದ ಈರುಳ್ಳಿ, ನಿಂಬೆ ಸಿಪ್ಪೆಯ ತುರಿ, ಕಾಳುಮೆಣಸು.

ಅಂಟಿಗೆ ಅರ್ಧ ಅರ್ಧ ಮಾಡಿ ನೋಡಿದೆ. ಹಿಟ್ಟು ಎರಡು ಪಾಲು ಮಾಡಿ ಒಂದಕ್ಕೆ 25 ಗ್ರಾಂ ಬ್ರೆಡ್ ಪುಡಿ, ಇನ್ನೊಂದಕ್ಕೆ ಸುಮಾರು 75 ಗ್ರಾಂ ಮಸೆದ ಆಲೂಗಡ್ಡೆ. ಎರಡೂ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟೆ. ಬ್ರೆಡ್ ಪುಡಿಯದ್ದು ಕಲಸಿದಾಗ ಸಡಿಲ ಅನ್ನಿಸಿ ಕೈ ಡಬ್ಬದ ಕಡೆ ಹೋಗಿತ್ತು, ತಡೆದುಕೊಂಡೆ. ಅರ್ಧ ಗಂಟೆ ಆದ ಮೇಲೆ ನಿಜಕ್ಕೂ ಗಟ್ಟಿಯಾಗಿತ್ತು.

ಬ್ರೆಡ್ ಪುಡಿಯ ನಾಲ್ಕೂ ಇಡಿಯಾಗಿ ಬಂದವು. ಆಲೂಗಡ್ಡೆಯದ್ದರಲ್ಲಿ ಒಂದು ಅಂಚು ಬಿರಿಯಿತು, ಮೂರು ಸರಿಯಾಗಿ ಬಂದವು. ಮಗುಚಿದಾಗ ಆ ಕಂದು ಬಣ್ಣ ನೋಡಿ ಅಡುಗೆಮನೆಯಿಂದಲೇ ಅಪ್ಪನನ್ನು ಕೂಗಿದೆ.

ಹಳೇ_ಅಡುಗೆಯವ
ಬಹಳ ಸಂತೋಷ. ಬಿರಿದದ್ದು ಎಷ್ಟು ದಪ್ಪ ಇತ್ತು?

ಹೊಸಬಾಣಲೆ
ಅದೊಂದು ದೊಡ್ಡದಾಯಿತು, ಮೂರು ಸೆಂಟಿಮೀಟರ್ ಇರಬಹುದು. ಉಳಿದವು ಎರಡು.

ಹಳೇ_ಅಡುಗೆಯವ
ಎರಡೇ ಸರಿ. ದಪ್ಪ ಇದ್ದರೆ ಹೊರಗೆ ಕಂದಾಗುವ ಹೊತ್ತಿಗೆ ಮಧ್ಯದ ಮೊಟ್ಟೆ ಇನ್ನೂ ಗಟ್ಟಿಯಾಗಿರುವುದಿಲ್ಲ. ತಟ್ಟಿದ ಮೇಲೆ ಸುತ್ತಲೂ ಅಂಚನ್ನು ಬೆರಳಿನಿಂದ ಒತ್ತಿ ನುಣುಪು ಮಾಡಿ, ಬಿರುಕು ಶುರುವಾಗುವುದು ಅಂಚಿನಿಂದ.

ಲ್ಯಾಬ್_ಕೋಟು
ಮೀನು ಮೊದಲೇ ಬೆಂದಿದೆ, ಆದರೆ ಮೊಟ್ಟೆ ಹಸಿ ಅನ್ನುವುದು ನೆನಪಿರಲಿ. ಒಳಗೆ 71 ಡಿಗ್ರಿ ಮುಟ್ಟಬೇಕು. ವಯಸ್ಸಾದವರಿಗೆ ಇದು ಮುಖ್ಯ. ಥರ್ಮಾಮೀಟರ್ ಇಲ್ಲದಿದ್ದರೆ ಒಂದನ್ನು ಮುರಿದು ನೋಡಿ, ಮಧ್ಯೆ ಲೋಳೆ ಇರಬಾರದು, ಹಬೆ ಏಳಬೇಕು.

ಮೂರು_ಮಕ್ಕಳ_ಅಮ್ಮ
ಅದೆಲ್ಲ ಇರಲಿ, ಅಪ್ಪ ಯಾವುದು ತಿಂದರು?

ಹೊಸಬಾಣಲೆ
ಆಲೂಗಡ್ಡೆಯದ್ದು ಮೂರು ತಿಂದರು. ಬ್ರೆಡ್ ಪುಡಿಯದ್ದು ಒಂದು, ಅದೂ ಮೇಲಿನ ಗರಿಗರಿ ಬಿಡಿಸಿ ಒಳಗಿನದು ಮಾತ್ರ. ಮುಳ್ಳಿನ ಮಾತೇ ಬರಲಿಲ್ಲ, ಅವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಹೇಳಿದೆ. "ಎಲ್ಲಿತ್ತು?" ಅಂತ ಕೇಳಿದರು.

ಮೂರು_ಮಕ್ಕಳ_ಅಮ್ಮ
ನೋಡಿದಿರಾ ಅಳತೆ_ಚಮಚ ಅವರೇ!

ಅಳತೆ_ಚಮಚ
ಅವರಿಗೆ ಆಲೂಗಡ್ಡೆಯೇ ಸರಿ, ಒಪ್ಪಿದೆ. ಹಲ್ಲಿರುವವರಿಗೆ ಬ್ರೆಡ್ ಪುಡಿ. ಇದರಲ್ಲಿ ನಾನು ಕದಲುವುದಿಲ್ಲ.

ರಾತ್ರಿಪಾಳಿ
ಉಳಿದದ್ದು ಎಷ್ಟು ದಿನ ಇಡಬಹುದು? ನಾನು ಕೆಲಸದಿಂದ ಬರುವುದು ಬೆಳಗಿನ ಜಾವ. ಒಟ್ಟಿಗೆ ಮಾಡಿಟ್ಟುಕೊಂಡರೆ ಅನುಕೂಲ.

ಲ್ಯಾಬ್_ಕೋಟು
ಹುರಿದದ್ದು ಮುಚ್ಚಿದ ಡಬ್ಬದಲ್ಲಿ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ. ಅರ್ಧ ಡಬ್ಬಿ ಮೀನು ಉಳಿದರೂ ಗಾಜಿನ ಪಾತ್ರೆಗೆ ಹಾಕಿ ಅಷ್ಟೇ ದಿನ ಇಡಬಹುದು. ತೆರೆದ ಡಬ್ಬಿಯಲ್ಲೇ ಬಿಟ್ಟರೆ ಲೋಹದ ರುಚಿ ಹತ್ತುತ್ತದೆ.

ಕಾವಲಿ_ಕಾದಿದೆ
ನಾನು ಹುರಿಯದೆ ಫ್ರೀಜರ್‌ನಲ್ಲಿಡುತ್ತೇನೆ. ತಟ್ಟಿ, ತಟ್ಟೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಗಟ್ಟಿಯಾದ ಮೇಲೆ ಕವರಿಗೆ ಹಾಕುವುದು. ಬೇಕಾದಾಗ ಹಿಂದಿನ ದಿನ ಫ್ರಿಜ್‌ಗೆ ಇಳಿಸಿದರೆ ಆಯಿತು. ಬ್ರೆಡ್ ಪುಡಿಯದ್ದು ಚೆನ್ನಾಗಿ ಉಳಿಯುತ್ತದೆ. ಆಲೂಗಡ್ಡೆಯದ್ದು ಕರಗಿದಾಗ ನೀರು ಬಿಟ್ಟು ಸಡಿಲವಾಗುತ್ತದೆ, ಅದನ್ನು ಹುರಿದೇ ಇಡಿ.

ಅಳತೆ_ಚಮಚ
ಬ್ರೆಡ್ ಪುಡಿಗೆ ಇನ್ನೊಂದು ಅಂಕ.

ಸುಮ್ನೆ_ಓದುವವಳು
ಒಂದು ಡಬ್ಬಿ ತಂದೆ. ನಾಳೆ ತೆಗೆಯುತ್ತೇನೆ. ಪಕ್ಕದಲ್ಲಿ ವಿನೆಗರ್ ಬಾಟಲಿ ಇಟ್ಟುಕೊಂಡಿದ್ದೇನೆ.

ಹೊಸಬಾಣಲೆ
ಹರಳು ಸಿಕ್ಕರೆ ಇಲ್ಲಿ ಬರೆಯಿರಿ, ಕರಗಲು ಎಷ್ಟು ನಿಮಿಷ ಹಿಡಿಯಿತು ಅಂತಲೂ ಹೇಳಿ. ನಾನು ಭಾನುವಾರಕ್ಕೆ ಎರಡು ಡಬ್ಬಿ ಮಾಡುತ್ತಿದ್ದೇನೆ, ಅಪ್ಪ ಅವರ ಸ್ನೇಹಿತರನ್ನೂ ಕರೆದಿದ್ದಾರೆ. ಎರಡು ಡಬ್ಬಿಗೆ ಮೊಟ್ಟೆ ಎರಡೇ ಸಾಕಲ್ವಾ?

ಅಳತೆ_ಚಮಚ
ಎರಡೇ. ಹಿಂಡುವುದು ಮರೆಯಬೇಡಿ.